ಹಳೇ ಫೋರ್ಡ್ ಪಿಕಪ್‌ನ ನಾಲ್ಕು ಗೇರ್: ನನ್ನ ಓಟು ಟಿ-18ಕ್ಕೆ

ಹಳೇ ಫೋರ್ಡ್ ಎಫ್-ಸೀರೀಸ್ ಪಿಕಪ್ ಹುಡುಕುತ್ತಿದ್ದೀರಾ? ದಿನಾ ಹೈವೇ ಓಟವಿಲ್ಲ, ಭಾರ ಹೊರುವುದೇ ಮುಖ್ಯ ಕೆಲಸ ಅನ್ನುವುದಾದರೆ ಅಡಿಯಲ್ಲಿ ಬೋರ್ಗ್-ವಾರ್ನರ್ ಟಿ-18 ಗೇರ್‌ಬಾಕ್ಸ್ ಇರುವ ಗಾಡಿಯನ್ನೇ ತಗೊಳ್ಳಿ. ನನ್ನ ಎಫ್-250ಯಲ್ಲಿ ಇರುವುದು ಅದೇ. ಭಾವನ ಗಾಡಿಯಲ್ಲಿ ನ್ಯೂ ಪ್ರೊಸೆಸ್‌ನ ಎನ್‌ಪಿ 435 ಇದೆ. ಎರಡರಲ್ಲೂ ಅದೇ 300 ಕ್ಯೂಬಿಕ್ ಇಂಚಿನ, ಸಾಲಾಗಿ ಆರು ಸಿಲಿಂಡರಿನ ಎಂಜಿನ್. ಒಂದೇ ಏರಿನಲ್ಲಿ, ಒಂದೇ ತೂಕದ ಸೌದೆ ಹೇರಿಕೊಂಡು ಎರಡನ್ನೂ ಓಡಿಸಿದ್ದೇನೆ. ಐದು ಗೇರಿನ, ಮಜ್ದಾದ ಎಂ5ಒಡಿ ಮತ್ತು ಝಡ್‌ಎಫ್ ಕಂಪನಿಯ ಗೇರ್‌ಬಾಕ್ಸ್ ಇರುವ ಗಾಡಿಗಳನ್ನು ಕೊಳ್ಳುವ ಮುಂಚೆ ಓಡಿಸಿ ನೋಡಿದ್ದೆ.

ಕೊಳ್ಳುವಾಗ ತಲೆ ತಿನ್ನುವುದು ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯಲ್ಲ, ಎದುರಿಗಿರುವುದು ಯಾವುದು ಅನ್ನುವ ಪ್ರಶ್ನೆ. ಜಾಹೀರಾತಿನಲ್ಲಿ ‘ಫೋರ್ ಸ್ಪೀಡ್’ ಅಂತ ಬರೆದಿರುತ್ತಾರೆ, ಅಷ್ಟೇ. 80ರ ದಶಕದ ಎಫ್-150ಯಲ್ಲಿ ಅದರ ಅರ್ಥ ನಾಲ್ಕನೇ ಗೇರೇ ಓವರ್‌ಡ್ರೈವ್ (ವೇಗದ ಓಟದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಗೇರು) ಆಗಿರುವ ಹಗುರ ಗೇರ್‌ಬಾಕ್ಸ್ ಅಂತಲೂ ಆಗಬಹುದು. ಭಾರದ ಕೆಲಸಕ್ಕೆ ಅದು ಬೇಡ. ಒಂದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ಗಾಡಿ ನಮ್ಮ ನಡಿಗೆಯ ವೇಗದಲ್ಲಿ ತೆವಳಬೇಕು. ಲೆಕ್ಕಕ್ಕೆ ಹಿಂದಿನ ಆಕ್ಸಲ್ 3.55 (ಚಕ್ರದ ಒಂದು ಸುತ್ತಿಗೆ, ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ 3.55 ಸುತ್ತು), ಟೈರಿನ ಒಂದು ಸುತ್ತಿಗೆ 2.3 ಮೀಟರ್, ಎಂಜಿನ್ ನಿಮಿಷಕ್ಕೆ 700 ಸುತ್ತು ಅಂತ ಇಟ್ಟುಕೊಳ್ಳಿ. ಎನ್‌ಪಿ 435ರ ಒಂದನೇ ಗೇರು 6.69 (ಆ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ನಿನ 6.69 ಸುತ್ತು), ಅಂದರೆ ಗಂಟೆಗೆ 4.1 ಕಿ.ಮೀ. ಟಿ-18ರದ್ದು 6.32, ಅಂದರೆ 4.3 ಕಿ.ಮೀ. ಎಂ5ಒಡಿಯದ್ದು 3.90, ಅದು ಸುಮಾರು 7 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ನಿಮ್ಮ ಪಕ್ಕ ಯಾರನ್ನಾದರೂ ನಡೆಸಿಕೊಂಡು ಹೋದರೆ ಸಾಕು, ಈ ಒಂದು ಪರೀಕ್ಷೆಗೇ ಹಗುರ ಗೇರ್‌ಬಾಕ್ಸ್‌ಗಳೆಲ್ಲ ಸೋಸಿಹೋಗುತ್ತವೆ.

ಇನ್ನು ಟಿ-18 ಮತ್ತು ಎನ್‌ಪಿ 435ರ ನಡುವೆ. ತೊಡಕು ಇರುವುದೇ ಇಲ್ಲಿ. ಎರಡೂ ಬೀಡು ಕಬ್ಬಿಣದ ಭಾರೀ ಡಬ್ಬಗಳು, ಎರಡಕ್ಕೂ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಮುಂದಿನ ಚಿಪ್ಪು) ಡಬ್ಬದಿಂದ ಬಿಡಿಯಾದ ಭಾಗ, ಎರಡರಲ್ಲೂ ಒಂದನೇ ಗೇರಿಗೆ ಸಿಂಕ್ರೊ (ಹಲ್ಲುಗಳ ವೇಗ ತಾನೇ ಹೊಂದಿಸುವ ಏರ್ಪಾಡು) ಇಲ್ಲ. ಸೀಟಿನಲ್ಲಿ ಕೂತು ಕೋಲು ಹಿಡಿದು ನೋಡಿದರೆ ತಿಳಿಯುವುದು ಕಡಿಮೆ. ಮಾರುವವರಲ್ಲಿ ಎಷ್ಟೋ ಜನ ಈ ಜಾತಿಯ ಗೇರ್‌ಬಾಕ್ಸ್ ಕಂಡರೆ ಎನ್‌ಪಿ 435 ಅಂದುಬಿಡುತ್ತಾರೆ. ನನಗೆ ಗಾಡಿ ಮಾರಿದವರೂ ಹಾಗೇ ಅಂದಿದ್ದರು, ಅವರಿಗೂ ಅದನ್ನು ಯಾರೋ ಹಾಗೆ ಹೇಳಿಯೇ ಮಾರಿದ್ದರಂತೆ. ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಗೇರ್‌ಬಾಕ್ಸಿನ ಕೋಡ್ ಇರುತ್ತದೆ ನಿಜ. ಆದರೆ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದ ಮಾತು. ನಲವತ್ತು, ಐವತ್ತು ವರ್ಷ ದುಡಿದ ಗಾಡಿಯಲ್ಲಿ ಅದೇ ಗೇರ್‌ಬಾಕ್ಸ್ ಉಳಿದಿದೆ ಅನ್ನುವುದಕ್ಕೆ ಚೀಟಿ ಸಾಕ್ಷಿಯಲ್ಲ. ಗೇರ್ ಕೋಲಿನ ತುದಿಯ ಗುಂಡಂತೂ ಕೈಯಲ್ಲಿ ತಿರುಗಿಸಿ ಬದಲಾಯಿಸುವ ವಸ್ತು, ಅದರ ಮೇಲೆ ಬರೆದಿರುವುದನ್ನು ನಂಬಲೇಬೇಡಿ.

ಅಡಿಗೆ ಇಳಿಯಲೇಬೇಕು. ಒಂದು ಟಾರ್ಚು, ಒಂದು ತಂತಿ ಬ್ರಷ್ಷು, ಒಂದು ಸಣ್ಣ ಮ್ಯಾಗ್ನೆಟ್ ತಗೊಂಡು ಹೋಗಿ. ಗೇರ್‌ಬಾಕ್ಸಿನ ನೆತ್ತಿಯ ಮುಚ್ಚಳದ ಅಂಚಿನವರೆಗೆ ಕೈ ಹೋಗುತ್ತದೆ. ಮಣ್ಣು, ಎಣ್ಣೆ ಸೇರಿ ಗಟ್ಟಿಯಾದ ಕೊಳೆಯನ್ನು ಅಲ್ಲಿ ಒಂದಿಷ್ಟು ಕೆರೆದು ಮ್ಯಾಗ್ನೆಟ್ ಇಟ್ಟು ನೋಡಿ. ಕೆಳಗಿನ ಡಬ್ಬಕ್ಕೆ ಎರಡರಲ್ಲೂ ಅಂಟುತ್ತದೆ. ಮುಚ್ಚಳಕ್ಕೆ ಅಂಟದೆ ಜಾರಿದರೆ ಅದು ಅಲ್ಯೂಮಿನಿಯಂ, ಅಂದರೆ ಎನ್‌ಪಿ 435. ಮುಚ್ಚಳಕ್ಕೂ ಕಚ್ಚಿಕೊಂಡರೆ ಟಿ-18 ಅನ್ನುವ ಆಸೆ ಇಟ್ಟುಕೊಳ್ಳಬಹುದು. ಕೊಳೆ ಕೆರೆಯದೆ ಈ ಪರೀಕ್ಷೆ ಮಾಡಬೇಡಿ. ಬೆರಳು ದಪ್ಪ ಜಿಡ್ಡಿನ ಮೇಲೆ ಮ್ಯಾಗ್ನೆಟ್ ಯಾವ ಲೋಹಕ್ಕೂ ನೆಟ್ಟಗೆ ಅಂಟುವುದಿಲ್ಲ.

ಆಮೇಲೆ ಪಕ್ಕಗಳನ್ನು ನೋಡಿ. ಗೇರ್‌ಬಾಕ್ಸಿನಿಂದ ಬೇರೆ ಯಂತ್ರಕ್ಕೆ ಶಕ್ತಿ ತೆಗೆಯಲು ಇರುವ ಪಿಟಿಒ ಕಿಂಡಿಗೆ ಆರು ಬೋಲ್ಟಿನ ತಗಡು ಮುಚ್ಚಿರುತ್ತಾರೆ. ಟಿ-18ಕ್ಕೆ ಅದು ಎರಡೂ ಪಕ್ಕ ಇದೆ. ಎನ್‌ಪಿ 435ಕ್ಕೆ ಪ್ರಯಾಣಿಕರ ಪಕ್ಕ ಮಾತ್ರ. ಮ್ಯಾಗ್ನೆಟ್ಟೂ ಕಿಂಡಿಯೂ ಒಂದೇ ಮಾತು ಹೇಳಿದರೆ ಹೆಚ್ಚುಕಮ್ಮಿ ತೀರ್ಮಾನವಾದಂತೆ.

ಆದರೆ ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಹೊರಗಿನ ಡಬ್ಬ ಯಾವುದಾದರೂ ಆಗಲಿ, ಒಳಗಿನ ಹಲ್ಲುಗಳು ಸುಳ್ಳು ಹೇಳುವುದಿಲ್ಲ. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ ಎರಡೂ ಕಡೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ಹೋಗಕೂಡದು. ಬ್ಯಾಟರಿ ಕಳಚಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆಯಿರಿ, ಆಗ ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದನೇ ಗೇರಿಗೆ ಹಾಕಿ. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಗಾಡಿಯಾದರೆ, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಟೂ ವೀಲ್‌ಗೆ ತನ್ನಿ. ಲೋ ರೇಂಜಿನಲ್ಲಿ ಬಿಟ್ಟರೆ ಲೆಕ್ಕವೆಲ್ಲ ಕೆಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ಮೇಲೆ ಇನ್ನೊಂದು ಗೆರೆ ಎಳೆಯಿರಿ. ಪುಲ್ಲಿಯ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನ ತಿರುಗಿಸುತ್ತಾ ಹೋಗಿ. ಒಬ್ಬರು ಮುಂದೆ ಎಣಿಸಬೇಕು, ಇನ್ನೊಬ್ಬರು ಶಾಫ್ಟಿನ ಗೆರೆ ನೋಡಬೇಕು.

ಶಾಫ್ಟಿನ ಒಂದೇ ಸುತ್ತಿಗೆ ಎಣಿಸಿದರೆ 6.32ಕ್ಕೂ 6.69ಕ್ಕೂ ಇರುವ ಅಂತರ ಹಳೇ ಜಾಯಿಂಟುಗಳ ಸಡಿಲಿನಲ್ಲೇ ಕಳೆದುಹೋಗಬಹುದು. ಅದಕ್ಕೇ ಶಾಫ್ಟು ಮೂರು ಸುತ್ತು ಬರುವವರೆಗೂ ತಿರುಗಿಸಿ. ಎಂಜಿನ್ 19 ಸುತ್ತು ತಗೊಂಡರೆ ಟಿ-18, 20 ತಗೊಂಡರೆ ಎನ್‌ಪಿ 435. ಝಡ್‌ಎಫ್‌ನಲ್ಲಿ ಗೇರುಗಳ ನಡುವಿನ ಅಂತರ ಹೆಚ್ಚಿರುವ ಬಗೆಗೆ 17 ಬರುತ್ತದೆ, ಎಂ5ಒಡಿಗೆ 12ಕ್ಕೂ ಒಂಚೂರು ಕಡಿಮೆ. ನನ್ನ ಗಾಡಿಯಲ್ಲಿ ಹತ್ತೊಂಬತ್ತಕ್ಕೆ ಸುಣ್ಣದ ಗೆರೆ ಸರಿಯಾಗಿ ಕೆಳಗೆ ಬಂದು ನಿಂತಿತು, ಅಲ್ಲಿಗೆ ಸಂಶಯ ಮುಗಿಯಿತು. ಇದರಲ್ಲಿ ಇನ್ನೂ ಒಂದು ಲಾಭ ಇದೆ. ಟಿ-18ರಲ್ಲೇ ಒಂದನೇ ಗೇರು 4.02 ಇರುವ ಬಗೆಯೂ ಉಂಟು, ಕೆಲವು ಜೀಪ್‌ಗಳಲ್ಲಿ ಅದು ಬಂದಿತ್ತು. ಹೊರಗಿನಿಂದ ಅದೂ ಟಿ-18ರಂತೆಯೇ ಕಾಣುತ್ತದೆ, ಎಣಿಸಿದರೆ ಮಾತ್ರ 12ಕ್ಕೆ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಪಾಡು ಯಾಕೆ, ಒಂದನೇ ಗೇರಿನಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ ಅಲ್ಲವಾ ಅಂತ ಕೇಳಬಹುದು. ಭಾವನೂ ಅದನ್ನೇ ಕೇಳುತ್ತಿದ್ದ. ಒಂದನೇ ಗೇರಿಗೋಸ್ಕರ ನಾನು ಟಿ-18 ಹಿಡಿದುಕೊಂಡಿಲ್ಲ. ಎರಡರಿಂದ ಮೂರಕ್ಕೆ ಹೋಗುವ ಜಾಗ ಇದೆಯಲ್ಲ, ನಿಜವಾದ ವ್ಯತ್ಯಾಸ ಅಲ್ಲಿ.

ಎನ್‌ಪಿ 435ರ ಎರಡನೇ ಗೇರು 3.34, ಮೂರನೇದು 1.66. ಅಂದರೆ ಬದಲಾಯಿಸಿದ ಕೂಡಲೇ ಎಂಜಿನ್ನಿನ ಸುತ್ತು ನೆಟ್ಟಗೆ ಅರ್ಧಕ್ಕೆ ಬೀಳುತ್ತದೆ. 3000ದಲ್ಲಿ ಕೂಗುತ್ತಿದ್ದದ್ದು 1500ಕ್ಕೆ ಇಳಿಯುತ್ತದೆ. ಟಿ-18ರಲ್ಲಿ ಎರಡನೇದು 3.09, ಮೂರನೇದು 1.69. ಅದೇ 3000 ಇಲ್ಲಿ 1640ರ ಹತ್ತಿರ ನಿಲ್ಲುತ್ತದೆ. ಕಾಗದದ ಮೇಲೆ ನೂರೈವತ್ತು ಸುತ್ತು ಏನೂ ಅಲ್ಲ. ಆದರೆ ಲೋಡ್ ಹೇರಿ ಏರು ಹತ್ತುವಾಗ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ: ಈ ಭಾರೀ ಹಲ್ಲುಗಳ ಗೇರನ್ನು ಅವಸರದಲ್ಲಿ ಬದಲಾಯಿಸಲು ಬರುವುದಿಲ್ಲ. ಕೋಲು ನ್ಯೂಟ್ರಲ್ ದಾಟಿ ಮೂರಕ್ಕೆ ಬೀಳುವಷ್ಟರಲ್ಲಿ ಗಾಡಿ ವೇಗ ಕಳೆದುಕೊಂಡಿರುತ್ತದೆ. ಆಗ ಎನ್‌ಪಿ 435ರಲ್ಲಿ ಎಂಜಿನ್ 1500ಕ್ಕೂ ಕೆಳಗೆ ಸಿಕ್ಕಿ ನಡುಗುತ್ತದೆ, ಮತ್ತೆ ಎರಡಕ್ಕೇ ಹಾಕಬೇಕು. ಭಾವನ ಗಾಡಿಯಲ್ಲಿ ಆ ಏರನ್ನು ಕೊನೆಯವರೆಗೂ ಎರಡನೇ ಗೇರಿನಲ್ಲೇ ಹತ್ತಬೇಕಾಗುತ್ತದೆ. ನನ್ನದು ಮೂರರಲ್ಲಿ ನಿಲ್ಲುತ್ತದೆ.

ಟಿ-18ರ ಎರಡನೇ ಗೇರು ಒಂದಿಷ್ಟು ಉದ್ದ, ಅಂದರೆ ಅಷ್ಟೇ ಸುತ್ತಿಗೆ ಹೆಚ್ಚು ವೇಗ ಕೊಡುವಂಥದ್ದು, ಆಗಿರುವುದರಿಂದ ಮೇಲಿನ ಅದೇ ಲೆಕ್ಕದಲ್ಲಿ 3000ಕ್ಕೆ ಗಂಟೆಗೆ 37ಕ್ಕಿಂತ ಹೆಚ್ಚು ಕಿ.ಮೀ. ಸಿಗುತ್ತದೆ, ಎನ್‌ಪಿ 435ರಲ್ಲಿ 35 ದಾಟುವುದಿಲ್ಲ. ದಿನನಿತ್ಯ ಇವೆರಡನ್ನೂ ಎರಡನೇ ಗೇರಿನಿಂದಲೇ ಹೊರಡಿಸುತ್ತೇವೆ, ಒಂದನೇದು ಭಾರಕ್ಕೆ, ಕೆಸರಿಗೆ, ಇಳಿಜಾರಿಗೆ ಮಾತ್ರ. ಹಾಗಾಗಿ ದಿನವಿಡೀ ಕೈಗೆ ಸಿಗುವುದು ಈ ಎರಡು-ಮೂರರ ನಡುವಿನ ಹಳ್ಳವೇ. ಎನ್‌ಪಿ 435 ಗಟ್ಟಿಯಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಭಾವನದ್ದು ಇಂದಿಗೂ ಗುಂಡುಕಲ್ಲಿನಂತೆ ಇದೆ. ಅದರ ಗೇರು ಬೀಳುವ ರೀತಿಯೂ ಹಿತ. ಈ ಹಳ್ಳವೊಂದೇ ನನಗೆ ಆಗಿಬರಲಿಲ್ಲ.

 

ಟಿ-19 ಅಂತ ಇನ್ನೊಂದು ಸಿಗುತ್ತದೆ. ಟಿ-18ರ ತಮ್ಮನೇ ಅದು, ಹೊರಗಿನ ರೂಪವೂ ಹೆಚ್ಚುಕಮ್ಮಿ ಅದೇ, ಒಂದನೇ ಗೇರಿಗೂ ಸಿಂಕ್ರೊ ಇದೆ ಅನ್ನುವುದೇ ದೊಡ್ಡ ವ್ಯತ್ಯಾಸ. ಗಾಡಿ ನಿಧಾನ ಉರುಳುತ್ತಿರುವಾಗ ಒಂದಕ್ಕೆ ಹಾಕಿ ನೋಡಿ. ಹಲ್ಲು ಕಡಿಯುವ ಸದ್ದಿಲ್ಲದೆ ಒಳಗೆ ಹೋದರೆ ಟಿ-19 ಇರಬಹುದು. ಟಿ-18ರಲ್ಲಿ ಗಾಡಿ ಪೂರ್ತಿ ನಿಲ್ಲಬೇಕು, ಇಲ್ಲವೇ ಡಬಲ್ ಕ್ಲಚ್ ಹೊಡೆದು (ನ್ಯೂಟ್ರಲಿಗೆ ಒಮ್ಮೆ, ಗೇರಿಗೆ ಇನ್ನೊಮ್ಮೆ ಕ್ಲಚ್ ತುಳಿದು), ನಡುವೆ ಆಕ್ಸಿಲರೇಟರ್ ಒತ್ತಿ ಸುತ್ತು ಸೇರಿಸಬೇಕು. ನನಗೆ ಡಬಲ್ ಕ್ಲಚ್ ಕಾಲಿಗೆ ಅಭ್ಯಾಸವಾಗಿರುವುದರಿಂದ ಟಿ-19ಕ್ಕೆ ಹೆಚ್ಚು ಕೊಡುವ ಮನಸ್ಸಿಲ್ಲ.

ಐದು ಗೇರಿನವು 80ರ ದಶಕದ ಕೊನೆಗೆ ಬಂದವು, ಇವನ್ನು ಗುರುತಿಸುವುದು ಸುಲಭ. ಎರಡಕ್ಕೂ ಮೈಯೆಲ್ಲ ಅಲ್ಯೂಮಿನಿಯಂ, ಬೆಲ್ ಹೌಸಿಂಗ್ ಡಬ್ಬದ ಜೊತೆಗೇ ಎರಕವಾಗಿರುತ್ತದೆ. ಪಕ್ಕದಲ್ಲಿ ಪಿಟಿಒ ಕಿಂಡಿ ಇದ್ದರೆ ಝಡ್‌ಎಫ್ ಎಸ್5-42, ಇಲ್ಲದಿದ್ದರೆ ಮಜ್ದಾದ ಎಂ5ಒಡಿ. ಎಂ5ಒಡಿಯ ಕೋಲು ಬೆಣ್ಣೆಯ ಹಾಗೆ ಆಡುತ್ತದೆ, 2.25ರಿಂದ 1.49ಕ್ಕೆ ಇಳಿಯುವುದರಿಂದ ಎರಡು-ಮೂರರ ನಡುವೆ ಹಳ್ಳ ಅನ್ನುವುದೇ ಇಲ್ಲ. ಖಾಲಿ ಗಾಡಿಯನ್ನು ದಿನಾ ದೂರ ಓಡಿಸುವವರಿಗೆ ಅದಕ್ಕಿಂತ ಹಿತವಾದದ್ದು ಈ ಗುಂಪಿನಲ್ಲಿಲ್ಲ. ನೋಡಬೇಕಾದ ಜಾಗ ಒಂದೇ: ಮೇಲಿನ ಮುಚ್ಚಳದ ಹಿಂಭಾಗದಲ್ಲಿ ಮೂರು ರಬ್ಬರ್ ಬಿರಡೆಗಳಿವೆ. ಮೂವತ್ತು ವರ್ಷಕ್ಕೆ ಯಾವ ರಬ್ಬರಾದರೂ ಒಣಗಿ ಕಲ್ಲಾಗುತ್ತದೆ, ಆಗ ಅಲ್ಲಿಂದ ಎಣ್ಣೆ ಜಿನುಗಿ ಡಬ್ಬದ ಹಿಂದಕ್ಕೆ ಹರಿಯುತ್ತದೆ. ಇದಕ್ಕೆ ಹಾಕುವುದು ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ), ಗಟ್ಟಿ ಗೇರ್ ಆಯಿಲ್ ಅಲ್ಲ. ಹಿಂಬದಿ ಕೆಂಪಗೆ ಒದ್ದೆಯಾಗಿದ್ದರೆ ಪಕ್ಕದ ಪ್ಲಗ್ ತೆಗೆದು ಒಳಗೆ ಬೆರಳು ಹಾಕಿ ನೋಡಿ, ಎಣ್ಣೆ ಬೆರಳಿಗೆ ಸಿಗದಿದ್ದರೆ ಬೇರಿಂಗುಗಳು ಒಣಗಿ ಓಡಿವೆ ಅಂತಲೇ ತಿಳಿಯಿರಿ. ಆ ಬಿರಡೆಗಳ ಜಾಗಕ್ಕೆ ಲೋಹದವನ್ನು ಬಡಿದು ಕೂರಿಸುತ್ತಾರೆ, ಸಣ್ಣ ಖರ್ಚು.

ಝಡ್‌ಎಫ್ ಬಗ್ಗೆ ನನಗೆ ತಕರಾರೇ ಇಲ್ಲ. ಒಂದನೇದು 5.72, ಮೇಲೆ 0.76ರ ಓವರ್‌ಡ್ರೈವ್, ತೆವಳುವುದೂ ಓಡುವುದೂ ಒಂದರಲ್ಲೇ. 90 ಕಿ.ಮೀ. ವೇಗದಲ್ಲಿ ನನ್ನ ಟಿ-18, ಮೇಲಿನ ಲೆಕ್ಕದ ಪ್ರಕಾರ, 2300ರ ಮೇಲೆ ತಿರುಗುತ್ತಿದ್ದರೆ ಅದು 1760ರಲ್ಲಿ ಆರಾಮಾಗಿರುತ್ತದೆ. ಡೀಸೆಲ್ ಗಾಡಿಗಳಿಗೆ ಬಂದ, ಗೇರುಗಳ ನಡುವಿನ ಅಂತರ ಕಡಿಮೆ ಇರುವ ಬಗೆಯಲ್ಲಿ ಒಂದನೇದು 4.14 ಮಾತ್ರ, ತೆವಳುವ ಗೇರು ಬೇಕಾದವರು ಇಲ್ಲೂ ಸುತ್ತು ಎಣಿಸಿಯೇ ಕೊಳ್ಳಬೇಕು. ಆದರೆ ಝಡ್‌ಎಫ್ ಇರುವ ಗಾಡಿಗೆ ಕೇಳುವ ದುಡ್ಡು ನನ್ನ ಕೈಗೆ ಎಟುಕುವುದಲ್ಲ, ಬಿಚ್ಚಿದರೆ ಬಿಡಿಭಾಗದ ಖರ್ಚೂ ಹಾಗೇ. ನನ್ನ ಓಡಾಟದಲ್ಲಿ 70 ದಾಟುವ ರಸ್ತೆಯೇ ಅಪರೂಪ; ಬಳಸದ ಓವರ್‌ಡ್ರೈವಿಗೆ ದುಡ್ಡು ಕಟ್ಟುವ ಬದಲು ಆ ಹಣ ಬ್ರೇಕಿಗೂ ಟೈರಿಗೂ ಹೋಯಿತು. ವಾರಕ್ಕೆ ಹಲವು ಸಲ ಹೈವೇಯಲ್ಲಿ ಟ್ರೇಲರ್ ಎಳೆಯುವವರಾದರೆ ಸಾಲ ಮಾಡಿಯಾದರೂ ಝಡ್‌ಎಫ್ ತಗೊಳ್ಳಿ.

ಭಾರ ಹೊತ್ತು ನಿಧಾನ ಹೋಗುವ ಕೆಲಸವಾದರೆ ಮ್ಯಾಗ್ನೆಟ್ಟು, ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಟಿ-18 ಹುಡುಕಿ. ಎನ್‌ಪಿ 435 ಇರುವ ಗಾಡಿ ಸಿಕ್ಕಿ, ಮಿಕ್ಕೆಲ್ಲ ಚೆನ್ನಾಗಿದ್ದರೆ ಬಿಡಬೇಡಿ. ಲೋಡ್ ಹಾಕಿಕೊಂಡು ನೀವು ದಿನಾ ಹತ್ತುವ ಏರಿಗೇ ಒಮ್ಮೆ ಒಯ್ದು ಎರಡರಿಂದ ಮೂರಕ್ಕೆ ಹಾಕಿ ನೋಡಿ, ಮೂರರಲ್ಲಿ ಎಳೆದರೆ ಕೊಂಡುಕೊಳ್ಳಿ.