ಸನ್‌ಡೌನರ್ಸ್ ಟಾಮ್‌ಕ್ಯಾಟ್‌ಗೆ ಯಾವ ಡೀಕಲ್? ಬಿಳಿ ಬಣ್ಣ ನೋಡಿ ಹೇಳಿ

ಅಮೆರಿಕದ ನೌಕಾಪಡೆಯ ವಿಎಫ್-111 ‘ಸನ್‌ಡೌನರ್ಸ್’ ಸ್ಕ್ವಾಡ್ರನ್ 1978ರಲ್ಲಿ ಎಫ್-4 ಫ್ಯಾಂಟಮ್ ಯುದ್ಧವಿಮಾನ ಬಿಟ್ಟು ಎಫ್-14ಎ ಟಾಮ್‌ಕ್ಯಾಟ್‌ಗೆ ಬಂತು. ಮೈಯೆಲ್ಲ ಹೊಳಪಿನ ಲೈಟ್ ಗಲ್ ಗ್ರೇ (ಎಫ್‌ಎಸ್ 16440, ಅಮೆರಿಕ ಸರ್ಕಾರದ ಬಣ್ಣಪಟ್ಟಿಯ ಸಂಖ್ಯೆ), ಮೂಗಿನಡಿ ಶಾರ್ಕ್ ಬಾಯಿ, 200ರ ಸಾಲಿನ ಸಂಖ್ಯೆ, ‘ಎನ್‌ಎಲ್’ ಅಕ್ಷರ, ಎರಡೂ ಬಾಲಗಳ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಕೆಂಪು-ಬಿಳಿ ಕಿರಣಗಳು. ಡೀಕಲ್‌ಗಳನ್ನು (ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ತೆಳು ಪೊರೆಯ ಚಿತ್ರಗಳು) ಅಕ್ಕಪಕ್ಕ ಇಟ್ಟು ನೋಡೋದಕ್ಕೆ ಇದಕ್ಕಿಂತ ಕಠಿಣ ವಿಮಾನ ಸಿಗೋದು ಕಷ್ಟ. ದೊಡ್ಡ ಬಣ್ಣದ ಹರವು, ಎರಡು ದಿಕ್ಕಿಗೂ ಬಾಗಿದ ಮೂಗು, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಟೆನ್ಸಿಲ್‌ಗಳು (ವಿಮಾನದ ಮೈಮೇಲಿನ ಸೂಚನೆ-ಎಚ್ಚರಿಕೆ ಬರಹಗಳು), ಮೂರೂ ಒಂದೇ ಮಾಡೆಲ್ ಮೇಲಿವೆ.

ಇಲ್ಲಿನ ಹೋಲಿಕೆಯೆಲ್ಲ 1/48 ಅಳತೆಗೆ. ಎಲ್ಲಕ್ಕೂ ಹಿನ್ನೆಲೆ ಒಂದೇ: ಮಿಸ್ಟರ್ ಕಲರ್ ಬ್ರಾಂಡಿನ 315 ನಂಬರ್ ಬೂದು, ಅದರ ಮೇಲೆ ಹೊಳಪಿನ ಲ್ಯಾಕರ್ ಕ್ಲಿಯರ್ ಕೋಟ್, ಎರಡು ದಿನ ಒಣಗಲು ಬಿಟ್ಟದ್ದು.

ಮೊದಲು ಒಂದು ಮಾತು. ಹಾಳೆಯ ಮೇಲಿನ ಬ್ರಾಂಡ್ ಹೆಸರು ನೋಡಿ ಗುಣ ಅಳೆಯಬೇಡಿ. ಫರ್‌ಬಾಲ್‌ನಂಥ ಡೀಕಲ್ ಕಂಪನಿಗಳದು ಸಂಶೋಧನೆ ಮತ್ತು ಚಿತ್ರ. ಅಚ್ಚು ಹಾಕುವವರು ಇಟಲಿಯ ಕಾರ್ಟೋಗ್ರಾಫ್ ಇರಬಹುದು, ಅಮೆರಿಕದ ಮೈಕ್ರೋಸ್ಕೇಲ್ ಇರಬಹುದು. ಒಂದೇ ಬ್ರಾಂಡಿನ ಎರಡು ಹಾಳೆಗಳು ನೀರಿಗೆ ಬಿದ್ದ ಮೇಲೆ ಎರಡು ಥರ ವರ್ತಿಸೋದು ಇದೇ ಕಾರಣಕ್ಕೆ. ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಮುದ್ರಕರ ಹೆಸರು ಇದ್ದರೆ ಅದನ್ನು ಓದಿ.

ಬಿಳಿಯ ಪರೀಕ್ಷೆ

ನೌಕಾಪಡೆಯ ನಕ್ಷತ್ರ ಚಿಹ್ನೆಯಲ್ಲಿ ನೀಲಿ ವೃತ್ತ, ಅದರೊಳಗೆ ಬಿಳಿ ನಕ್ಷತ್ರ, ಎರಡೂ ಪಕ್ಕ ಬಿಳಿ ಪಟ್ಟಿ, ಪಟ್ಟಿಯ ನಡುವೆ ಕೆಂಪು ಗೆರೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಆ ಕೆಂಪು ಗೆರೆಯ ಮೇಲೆ-ಕೆಳಗಿನ ಬಿಳಿ ಅಂಚು ಸಮ ಇದೆಯಾ ನೋಡಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆಯಷ್ಟು ಇದ್ದರೆ ಬಣ್ಣಗಳ ಜೋಡಣೆ ತಪ್ಪಿದೆ. ಆ ಹಾಳೆಯಲ್ಲಿ ಶಾರ್ಕ್‌ನ ಹಲ್ಲುಗಳೂ ಹಾಗೇ ಜಾರಿರುತ್ತವೆ. ಆಮೇಲೆ ಹಾಳೆಯಲ್ಲಿ ಬೇಡದ ಬಿಳಿ ಅಂಕಿಯೊಂದನ್ನು ಕತ್ತರಿಸಿ, ಅರ್ಧ ಕಪ್ಪು, ಅರ್ಧ ಬೂದು ಬಳಿದ ಪ್ಲಾಸ್ಟಿಕ್ ತುಂಡಿನ ಮೇಲೆ ಅಂಟಿಸಿ. ಕಪ್ಪಿನ ಗಡಿ ಬಿಳಿಯೊಳಗಿಂದ ಇಣುಕಿದರೆ ಬಾಲದ ಕಿರಣಗಳಿಗೆ ಆ ಹಾಳೆ ಬೇಡ.

ಕಾರ್ಟೋಗ್ರಾಫ್‌ನ ಸ್ಕ್ರೀನ್ ಪ್ರಿಂಟ್ ಈ ಪರೀಕ್ಷೆಯಲ್ಲಿ ಸಲೀಸಾಗಿ ಮುಂದಿದೆ. ಬಿಳಿ ಗಟ್ಟಿ, ಬಣ್ಣ ಬಣ್ಣವಾಗೇ ಅಚ್ಚಾಗಿದೆ, ಚುಕ್ಕಿಗಳಿಲ್ಲ, ಪಾರದರ್ಶಕ ಪೊರೆ ಚಿತ್ರದ ಅಂಚಿಗೇ ನಿಂತಿದೆ. ಮೈಕ್ರೋಸ್ಕೇಲ್‌ನದು ಅದಕ್ಕಿಂತ ತೆಳು. ಪ್ಯಾನೆಲ್ ಗೆರೆಯೊಳಗೆ ಬಣ್ಣ ಬಳಿದ ಹಾಗೆ ಇಳಿಯುತ್ತದೆ, ಆದರೆ ಗಾಢ ಬಣ್ಣದ ಮೇಲೆ ಬಿಳಿ ಸ್ವಲ್ಪ ಸೋಲುತ್ತದೆ. ತಿಳಿಬೂದು ಮೈ ಇರುವ ನೌಕಾ ವಿಮಾನಕ್ಕೆ ಅದೇನೂ ದೊಡ್ಡ ಕೊರತೆಯಲ್ಲ.

ಡಿಜಿಟಲ್ ಮುದ್ರಣದ ಹಾಳೆಗಳು ಅಗ್ಗ, ವಿಷಯದ ವೈವಿಧ್ಯವೂ ಹೆಚ್ಚು. ಭೂತಗನ್ನಡಿಯಲ್ಲಿ ನೋಡಿದರೆ ಬೂದು, ಕಿತ್ತಳೆಯಂಥ ಬೆರಕೆ ಬಣ್ಣಗಳು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತವೆ. ಪೊರೆ ಇಡೀ ಹಾಳೆಗೆ ಒಂದೇ ಇದ್ದರಂತೂ ಪ್ರತಿ ಚಿಹ್ನೆಯನ್ನೂ ಹೊಸ ಬ್ಲೇಡಿನಿಂದ ಅಂಚಿಗೆ ಕತ್ತರಿಸಬೇಕು. ಇಂಥ ಹಾಳೆಯ ಚೂಪು ಮೂಲೆಗಳನ್ನು ದುಂಡಗೆ ಮಾಡಿಕೊಳ್ಳಿ, ಮೂಲೆಯೇ ಮೊದಲು ಏಳೋದು.

ಕಿಟ್‌ನೊಳಗೆ ಬರುವ ಡೀಕಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಹಳೆಯ ಕಿಟ್‌ಗಳಲ್ಲಿ ಬಿಳಿ ಕೆನೆಬಣ್ಣಕ್ಕಿರುತ್ತದೆ, ಪೊರೆ ದಪ್ಪ. ಹಳದಿಯಾದ ಹಾಳೆಯನ್ನು ಕಿಟಕಿ ಗಾಜಿಗೆ ಬಿಸಿಲಿನತ್ತ ಮುಖಮಾಡಿ ಕೆಲವು ದಿನ ಅಂಟಿಸಿಟ್ಟರೆ ಪೊರೆಯ ಹಳದಿ ಬಿಡುತ್ತದೆ, ಶಾಯಿಯೇ ಕೆನೆಬಣ್ಣದ್ದಾದರೆ ಬಿಡೋದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಉಪಾಯಕ್ಕೆ ಕೈಹಾಕಬೇಡಿ. ತೇವಕ್ಕೆ ಅಂಟು ಕರಗಿ ಹಾಳೆಯೇ ಹಾಳಾಗುತ್ತದೆ. ಆ ತಿಂಗಳುಗಳಲ್ಲಿ ಎಲ್ಲ ಡೀಕಲ್‌ಗಳೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಇರಲಿ.

ಶಾರ್ಕ್ ಬಾಯಿ

ಇಲ್ಲಿ ಫಲಿತಾಂಶ ತಿರುವುಮುರುವು. ಟಾಮ್‌ಕ್ಯಾಟ್ ಮೂಗು ಮುಂದಕ್ಕೂ ಕೆಳಕ್ಕೂ ಒಟ್ಟಿಗೇ ಬಾಗಿದೆ. ಚಪ್ಪಟೆ ಹಾಳೆಯಲ್ಲಿ ಅಚ್ಚಾದ ಬಾಯಿ ಅಲ್ಲಿ ಕೂರಬೇಕಾದರೆ ಎಲ್ಲೋ ಒಂದು ಕಡೆ ನೆರಿಗೆ ಬೀಳಲೇಬೇಕು. ಕಾರ್ಟೋಗ್ರಾಫ್ ಪೊರೆ ತನ್ನ ಆಕಾರ ಬಿಟ್ಟುಕೊಡಲು ತಡಮಾಡುತ್ತದೆ, ಮೈಕ್ರೋಸ್ಕೇಲ್ ಪೊರೆ ಬೇಗ ಸೋಲುತ್ತದೆ. ಹಾಗಾಗಿ ಬಾಯಿಗೆ ತೆಳು ಹಾಳೆಯೇ ಸರಿ, ಹಿಡಿದಾಡುವಾಗ ಮಾತ್ರ ಎಚ್ಚರ ಬೇಕು. ಕಾಗದದಿಂದ ಬಿಡಿಸಿ ಎತ್ತಿದರೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಎತ್ತಲೇಬೇಡಿ, ಕಾಗದವನ್ನೇ ಮೂಗಿಗೆ ತಾಗಿಸಿ ಜಾರಿಸಿ.

ಕ್ರಮ ಹೀಗೆ. ಉಗುರುಬೆಚ್ಚಗಿನ ನೀರಲ್ಲಿ 10–15 ಸೆಕೆಂಡ್ ಅದ್ದಿ, ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಮೂಗಿಗೆ ಮೈಕ್ರೋ ಸೆಟ್ (ಡೀಕಲ್ ಕೂರಿಸುವ ದ್ರವ) ಧಾರಾಳವಾಗಿ ಹಚ್ಚಿ. ಎಡ-ಬಲ ಎರಡು ತುಂಡುಗಳ ಬಾಯಂಚು ಕೆಳಗೆ ಕೂಡುವ ಜಾಗವನ್ನು ಮೊದಲು ಹೊಂದಿಸಿ, ಅಲ್ಲಿಂದ ಹಿಂದಕ್ಕೆ ಹೋಗಿ. ಹಿಂದಿನಿಂದ ಶುರುಮಾಡಿದರೆ ತಪ್ಪೆಲ್ಲ ಮೂಗಿನ ತುದಿಗೆ ಬಂದು ಸೇರುತ್ತದೆ. ಒದ್ದೆ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ, ಉಜ್ಜಬೇಡಿ. ಮೈಕ್ರೋ ಸಾಲ್ (ಪೊರೆ ಮೆತ್ತಗಾಗಿಸುವ ಸಾಫ್ಟ್‌ನರ್ ದ್ರವ) ಹಚ್ಚಿದ ಕೂಡಲೇ ಇಡೀ ಬಾಯಿ ಒಣದ್ರಾಕ್ಷಿಯಂತೆ ಮುದುಡುತ್ತದೆ. ಆಗ ಕೈ ಹಚ್ಚಿದರೆ ಹರಿಯಿತು ಅಂತಲೇ ಲೆಕ್ಕ. ಅರ್ಧ ಗಂಟೆಯಲ್ಲಿ ಅದೇ ಬಿಗಿಯುತ್ತದೆ. ಉಳಿದ ನೆರಿಗೆಯನ್ನು ಹಲ್ಲು ಮತ್ತು ಒಸಡು ಕೂಡುವ ಗೆರೆಯಲ್ಲೇ ಬ್ಲೇಡಿನಿಂದ ಸೀಳಿ, ಒಂದರ ಮೇಲೊಂದು ಕೂರಿಸಿ, ಮತ್ತೆ ಸಾಲ್ ಹಚ್ಚಿ. ಬಣ್ಣ ಬದಲಾಗುವ ಜಾಗದಲ್ಲಿ ಸೀಳು ಕಾಣೋದಿಲ್ಲ.

ದಪ್ಪ ಪೊರೆಗೆ ಸಾಲ್ ಸಾಲದಿದ್ದರೆ ಇನ್ನೂ ಖಾರವಾದ ಸಾಲ್ವಾಸೆಟ್ ಅಥವಾ ಟಾಮಿಯಾದ ಮಾರ್ಕ್ ಫಿಟ್ ಸೂಪರ್ ಸ್ಟ್ರಾಂಗ್ ಇದೆ. ಇವು ಅಕ್ರಿಲಿಕ್ ಬಣ್ಣವನ್ನೂ ಕಚ್ಚಬಹುದು. ಮೊದಲು ತುಂಡು ಪ್ಲಾಸ್ಟಿಕ್ ಮೇಲೆ ನೋಡಿಕೊಳ್ಳಿ.

ಬಾಲದ ಕಿರಣಗಳು: ಡೀಕಲ್ಲೋ, ಮಾಸ್ಕೋ

ಡೀಕಲ್‌ನಲ್ಲಿ ಸಿಗುವ ಲಾಭ ಸಮಯ. ನಷ್ಟ ಮೂರು: ಬಾಲದಂಚಿನಲ್ಲಿ ಪೊರೆ ಚೂರು ಕಡಿಮೆ ಬೀಳೋದು, ರಡ್ಡರ್ (ಬಾಲದ ಹಿಂಭಾಗದ ಅಲುಗುವ ಫಲಕ) ಸಂದಿನಲ್ಲಿ ಗುಡಾರ ಕಟ್ಟೋದು, ಮುಟ್ಟಿ ಸರಿಮಾಡಲು ಬಳಸುವ ಬಣ್ಣ ಅಚ್ಚಿನ ಕೆಂಪಿಗೆ ಹೊಂದದೆ ಹೋಗೋದು. ರಡ್ಡರ್ ಗೆರೆಯುದ್ದಕ್ಕೂ ಕತ್ತರಿಸಿ ಎರಡು ತುಂಡಾಗಿ ಅಂಟಿಸಿದರೆ ಎರಡನೆಯ ತೊಂದರೆ ತಪ್ಪುತ್ತದೆ.

ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಸಾಧನ) ಇದ್ದವರಿಗೆ ಮಾಸ್ಕೇ (ಬಣ್ಣ ಬೇಡದ ಕಡೆ ಮುಚ್ಚುವ ಟೇಪಿನ ಅಚ್ಚು) ಮೇಲು, ಇದರಲ್ಲಿ ಅನುಮಾನವೇ ಇಲ್ಲ. ಮಿಸ್ಟರ್ ಕಲರ್ 316 ಬಿಳಿ ಹೊಡೆದು ಎರಡು ದಿನ ಬಿಡಿ. ವಾಶಿ (ಜಪಾನಿ ಕಾಗದದ) ಟೇಪಿನ ಮಾಸ್ಕ್ ಕೂರಿಸಿ, ಅಂಚಿಗೆ ಮತ್ತೊಮ್ಮೆ ತೆಳುವಾಗಿ ಬಿಳಿ ಹೊಡೆಯಿರಿ. ಸೋರುವುದಿದ್ದರೆ ಬಿಳಿಯೇ ಸೋರಲಿ. ಆಮೇಲೆ 327 ಕೆಂಪು (ಎಫ್‌ಎಸ್ 11136), ಮೂರು-ನಾಲ್ಕು ತೆಳು ಪದರ. ಹತ್ತು ನಿಮಿಷದೊಳಗೆ ಟೇಪನ್ನು ಹಿಂದಕ್ಕೆ ಮಡಚಿ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಅಂಚು ಹಲ್ಲುಹಲ್ಲಾಗುತ್ತದೆ. ವಿನೈಲ್ ಮಾಸ್ಕ್ ಚಪ್ಪಟೆ ಬಾಲಕ್ಕೆ ನಡೆಯುತ್ತದೆ, ಬಾಗಿದ ಕಡೆ ತಾನೇ ಏಳುತ್ತದೆ. ‘ಎನ್‌ಎಲ್’ ಮತ್ತು ಸಂಖ್ಯೆಗಳನ್ನು ಆಮೇಲೆ ಡೀಕಲ್‌ನಿಂದಲೇ ಹಾಕಿ.

ಸ್ಟೆನ್ಸಿಲ್

ನೂರಾರು ಇವೆ, ತಾಳ್ಮೆ ಪರೀಕ್ಷೆ ಮಾಡೋದು ಇವೇ. ಮಾಮೂಲಿ ಡೀಕಲ್‌ನಲ್ಲಿ ಅಕ್ಷರಕ್ಕಿಂತ ಪೊರೆಯೇ ದೊಡ್ಡದು. ಮೇಲ್ಮೈ ಒರಟಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕು ಬೆಳ್ಳಗೆ ಮಿನುಗುತ್ತದೆ, ಇದೇ ಸಿಲ್ವರಿಂಗ್. ಸೂಜಿಯಲ್ಲಿ ಚುಚ್ಚಿ ಸಾಲ್ ಹಚ್ಚಿದರೆ ಸಣ್ಣದು ಹೋಗುತ್ತದೆ, ದೊಡ್ಡದು ಹೋಗೋದಿಲ್ಲ.

ಜೆಕ್ ದೇಶದ ಎಚ್‌ಜಿಡಬ್ಲ್ಯೂ ಕಂಪನಿಯ ವೆಟ್ ಟ್ರಾನ್ಸ್‌ಫರ್‌ನಲ್ಲಿ ಪೊರೆ ಉಳಿಯೋದೇ ಇಲ್ಲ. ಅಂಟಿಸಿ, ಒಂದಿಡೀ ದಿನ ಒಣಗಿಸಿ, ಪೊರೆ ಸುಲಿದು, ಉಳಿದ ಅಂಟನ್ನು ಒದ್ದೆ ಹತ್ತಿಯಿಂದ ಒರೆಸಬೇಕು. ಆತುರಪಟ್ಟರೆ ಅಕ್ಷರವೂ ಪೊರೆ ಜೊತೆ ಬರುತ್ತದೆ. ಎಡ್ವಾರ್ಡ್ ಕಂಪನಿಯ ಈಚಿನ ಡೀಕಲ್‌ಗಳಲ್ಲೂ ಪೊರೆ ಸುಲಿಯಬಹುದು, ಆದರೆ ಖಾರವಾದ ಸಾಫ್ಟ್‌ನರ್ ಹಾಕಿದರೆ ಪೊರೆ ಶಾಯಿಗೆ ಬೆಸೆದುಕೊಂಡು ಬಿಡುತ್ತದೆ. ರಾತ್ರಿ ಒಣಗಿಸಿ, ಮೂಲೆಯನ್ನು ಕಡ್ಡಿಯಿಂದ ಎಬ್ಬಿಸಿ. ಹಟ ಮಾಡಿದರೆ ವೈಟ್ ಸ್ಪಿರಿಟ್ ತಾಗಿಸಿ, ಅಡಿಯಲ್ಲಿ ಎನಾಮಲ್ ಬಣ್ಣ ಇದ್ದರೆ ಮಾತ್ರ ಅದು ಬೇಡ.

ಮನೆಯಲ್ಲೇ ಲೇಸರ್ ಪ್ರಿಂಟರಿನಿಂದ ಮಾಡೋದು ಕಪ್ಪು ಅಕ್ಷರಗಳಿಗೆ, ಉದಾಹರಣೆಗೆ ವಿಮಾನದ ಬ್ಯೂರೋ ಸಂಖ್ಯೆಗೆ (ನೌಕಾಪಡೆ ಕೊಡುವ ಕ್ರಮಸಂಖ್ಯೆ), ಸಾಕು. ಮಾಮೂಲಿ ಲೇಸರ್ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರೋದಿಲ್ಲ. ಇಂಕ್‌ಜೆಟ್ ಆದರೆ ನೀರಿಗೆ ಹಾಕುವ ಮೊದಲು ಎರಡು-ಮೂರು ಕ್ಲಿಯರ್ ಕೋಟ್ ಬೇಕೇ ಬೇಕು.

ದುಡ್ಡು ಒಂದಕ್ಕೇ ಸಾಕಾಗುವುದಾದರೆ: ಏರ್‌ಬ್ರಷ್ ಇಲ್ಲದವರು ಕಾರ್ಟೋಗ್ರಾಫ್ ಅಚ್ಚಿನ ಪೂರ್ಣ ಹಾಳೆ ಕೊಳ್ಳಿ, ಶಾರ್ಕ್ ಬಾಯಿಗೆ ಒಂದು ಸಂಜೆ ಹೆಚ್ಚು ಇಟ್ಟುಕೊಳ್ಳಿ. ಏರ್‌ಬ್ರಷ್ ಇದ್ದವರು ಬಾಲಕ್ಕೆ ಮಾಸ್ಕ್ ತಂದು, ಮಿಕ್ಕಿದ್ದಕ್ಕೆ ತೆಳು ಹಾಳೆ ತರಲಿ. ಯಾವುದೇ ಆಗಲಿ, ಮುಗಿದ ಮೇಲೆ ಒದ್ದೆ ಹತ್ತಿಯಿಂದ ಅಂಟಿನ ಕಲೆ ಒರೆಸಿ, ಒಂದು ದಿನ ಬಿಟ್ಟು ಕ್ಲಿಯರ್ ಹೊಡೆಯಿರಿ. ಲ್ಯಾಕರ್ ಕ್ಲಿಯರ್‌ನ ಮೊದಲ ಪದರ ಮಂಜಿನಷ್ಟೇ ತೆಳುವಾಗಿರಲಿ, ಒದ್ದೆಯಾಗಿ ಹೊಡೆದರೆ ತೆಳು ಡೀಕಲ್ ಆಗಲೂ ಮುದುಡಬಹುದು, ಆ ಮುದುಡು ಮಾತ್ರ ತಾನಾಗಿ ಬಿಗಿಯೋದಿಲ್ಲ.