ಹೊಸದಾಗಿ ಕಟ್ಟಿಸಿದ ಗೇರ್‌ಬಾಕ್ಸನ್ನು ಆಗುಂಬೆ ಘಾಟಿಗೆ ಇಳಿಸಬೇಡಿ

ಅಪ್ಪ ಓಡಿಸುತ್ತಿದ್ದ 1977ರ ಅಂಬಾಸಿಡರ್ ಮಾರ್ಕ್ 3 ನಮ್ಮ ಮನೆಯಲ್ಲಿ ಇನ್ನೂ ಇದೆ. ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ ಇರುವ ಗಾಡಿ. ಕಳೆದ ವರ್ಷ ಅದರ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿಸಿ ಹೊಸ ಬೇರಿಂಗ್, ಹೊಸ ಸಿಂಕ್ರೋ ರಿಂಗ್ ಹಾಕಿಸಿದೆ. ಕೆಲಸ ಮುಗಿಯಲು ಆರು ವಾರ ಹಿಡಿಯಿತು. ಅದನ್ನು ಹಾಳು ಮಾಡಿಕೊಳ್ಳಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ಹಳೆಯ ಗಾಡಿ ಇಟ್ಟುಕೊಂಡಿರುವ ಮಲೆನಾಡಿನವರಲ್ಲಿ ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ.

ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಮಾಡಿಸಿದ್ದು, ಹೆಸರು ಬೇಡ. ಕೀ ಕೈಗಿಡುವಾಗ "ಇನ್ನು ಹತ್ತು ವರ್ಷ ಮುಟ್ಟುವುದೇ ಬೇಡ" ಎಂದರು. ಯಾವ ಎಣ್ಣೆ ಹಾಕಿದ್ದೀರಿ ಎಂದು ನಾನು ಕೇಳಲಿಲ್ಲ, ಮೊದಲ ಕೆಲವು ನೂರು ಕಿಲೋಮೀಟರ್ ಹೇಗೆ ಓಡಿಸಬೇಕೆಂದು ಅವರು ಹೇಳಲಿಲ್ಲ. ಮೂರನೆಯ ದಿನ ಉಡುಪಿಯಲ್ಲಿ ಮದುವೆ. ಐದು ಜನ, ಡಿಕ್ಕಿ ತುಂಬ ಸಾಮಾನು. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಐದಕ್ಕೇ ಹೊರಟೆವು.

ಗಾಜನೂರು ದಾಟುವ ಮೊದಲೇ ಎರಡನೆಯ ಗೇರು ಬಿಗಿಯಾಗಿತ್ತು. ಹೊಸದಲ್ಲವೇ, ಸರಿಹೋಗುತ್ತದೆ ಎಂದು ಒತ್ತಿ ತಳ್ಳಿದೆ. ಹಾಗೆ ತಳ್ಳಲೇಬಾರದಿತ್ತು. ಸಿಂಕ್ರೋ ರಿಂಗ್ ಎಂದರೆ ಒಳಮೈಯಲ್ಲಿ ಸಣ್ಣ ಗೀರುಗಳಿರುವ ಹಿತ್ತಾಳೆ ಬಳೆ. ಅದು ಗೇರಿನ ಶಂಕುವನ್ನು ಅಪ್ಪಿ ಹಿಡಿದು ಎರಡರ ವೇಗವನ್ನೂ ಸಮ ಮಾಡಿದ ಮೇಲಷ್ಟೇ ಗೇರು ಬೀಳಬೇಕು. ಹೊಸ ಬಳೆಗೂ ಶಂಕುವಿಗೂ ಒಗ್ಗಿಕೊಳ್ಳಲು ಸಮಯ ಬೇಕು. ಆತುರದಿಂದ ತಳ್ಳಿದರೆ ಗೇರಿನ ಪಕ್ಕದಲ್ಲಿರುವ ಸಣ್ಣ ಹಲ್ಲುಗಳ ತುದಿ ಸವೆಯುತ್ತದೆ.

ಆಗುಂಬೆಯಲ್ಲಿ ಹದಿನಾಲ್ಕು ತಿರುವು. ಸೋಮೇಶ್ವರದವರೆಗೆ ಐದು ಜನರ ಭಾರವನ್ನು ಎರಡನೆಯ ಗೇರಿನಲ್ಲೇ ತಡೆದು ಇಳಿಸಿದೆ. ಇಳಿಜಾರಿನಲ್ಲಿ ಬ್ರೇಕ್ ಕಾಯದಂತೆ ಹಾಗೆಯೇ ಇಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ದಿನದ ಗೇರ್‌ಬಾಕ್ಸಿನ ಮೇಲೆ ಆ ಹೊರೆ ಹೊರಿಸಬಾರದಿತ್ತು. ಮರುದಿನ ಹತ್ತುವಾಗ ಪ್ರತಿ ತಿರುವಿನಲ್ಲೂ ಮೂರರಿಂದ ಎರಡಕ್ಕೆ, ಮತ್ತೆ ಮೂರಕ್ಕೆ. ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ಕರಕರ ಶಬ್ದ ಶುರುವಾಯಿತು. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಎರಡನೆಯ ಗೇರು ತಾನಾಗಿ ಹೊರಬರುತ್ತಿತ್ತು. ಇಳಿಯುವಾಗಲೇ ಹೀಗಾಗಿದ್ದರೆ ಹಿಂದಿನ ಸೀಟಿನಲ್ಲಿದ್ದ ಮಕ್ಕಳ ಗತಿ ಏನಾಗುತ್ತಿತ್ತೋ, ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಬೇರೊಬ್ಬ ಹಿರಿಯ ಮೆಕ್ಯಾನಿಕ್ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿದರು. ಹೊಸ ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಬೂದು ಬಣ್ಣದ ನುಣ್ಣನೆಯ ಕೆಸರು ಸ್ವಲ್ಪ ಇರುವುದು ಸಹಜ. ನನ್ನದರಲ್ಲಿ ಚಿನ್ನದ ಪುಡಿ ಉದುರಿಸಿದಂತೆ ಹಿತ್ತಾಳೆ ಮಿನುಗುತ್ತಿತ್ತು. ಅವರು ಮೂಸಿ ನೋಡಿ, ಹಿಂದಿನ ಆಕ್ಸಲ್‌ಗೆ ಹಾಕುವ ಜಿಎಲ್-5 ಎಣ್ಣೆಯನ್ನೇ ಇಲ್ಲಿಗೂ ಸುರಿದಿದ್ದಾರೆ ಎಂದರು. ಹಳೆಯ ಗ್ಯಾರೇಜಿಗೆ ಹೋಗಿ ಕೇಳಿದಾಗ, ಹೌದು, ಎರಡಕ್ಕೂ ಒಂದೇ ಡಬ್ಬಿ ಎಂದು ಒಪ್ಪಿಕೊಂಡರು. ಹಿಂದಿನ ಆಕ್ಸಲ್ ನಡುವಿನ ಗೇರುಗಳ ಗುಂಪಾದ ಡಿಫರೆನ್ಷಿಯಲ್‌ನಲ್ಲಿ ಹಲ್ಲುಗಳು ಜೋರಾಗಿ ಒತ್ತಿ ಜಾರುವುದರಿಂದ ಅಲ್ಲಿಗೆ ಗಂಧಕದ ಅಂಶ ಹೆಚ್ಚಿರುವ ಆ ಎಣ್ಣೆ ಬೇಕು. ಸಿಂಕ್ರೋ ಬಳೆಗೆ ಅದರ ಜಾರಿಕೆಯೇ ಶತ್ರು, ಹಿಡಿತವೇ ಸಿಗುವುದಿಲ್ಲ. ಬಿಸಿಯೇರಿದರೆ ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನು ತಿನ್ನುವುದೂ ಉಂಟು. ಹಿತ್ತಾಳೆ ರಿಂಗ್ ಇರುವ ಹಳೆಯ ಗಾಡಿಗೆ ಕೈಪಿಡಿಯಲ್ಲಿ ಹೇಳಿದ ದಪ್ಪದ, ಗಂಧಕದ ಅಂಶ ಕಡಿಮೆ ಇರುವ ಜಿಎಲ್-4ರಂಥ ಎಣ್ಣೆಯನ್ನೇ ಕೇಳಿ. ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ.

2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದೆ. ಒಳ್ಳೆಯ ಎರಡನೆಯ ಗೇರು ಸಿಗಲು ನಾಲ್ಕು ತಿಂಗಳಾಯಿತು.

ಎರಡನೆಯ ಬಾರಿ ಕಟ್ಟಿದ್ದು ಆ ಹಿರಿಯರೇ. ಮೊದಲ 500 ಕಿಲೋಮೀಟರ್ ಭಾರ ಬೇಡ, ಘಾಟಿ ಬೇಡ, ಒಂದೇ ವೇಗದಲ್ಲಿ ಎಳೆಯುವುದೂ ಬೇಡ ಎಂದರು. ಎಣ್ಣೆ ಬಿಸಿಯಾಗುವವರೆಗೆ ಗೇರನ್ನು ಬೆರಳ ತುದಿಯಲ್ಲಿ ಬದಲಿಸಬೇಕು. ಬೀಳದಿದ್ದರೆ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸಿ ಮತ್ತೆ ಹಾಕಬೇಕು. ಮೊದಲನೆಯ ಗೇರಿಗೆ ಈ ಗಾಡಿಯಲ್ಲಿ ಸಿಂಕ್ರೋ ಇಲ್ಲವಾದ್ದರಿಂದ ಗಾಡಿ ನಿಂತ ಮೇಲೆಯೇ ಹಾಕಬೇಕು. ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ನಮ್ಮ ಕಡೆ ಹಲವರಿಗಿದೆ. ಬ್ರೇಕಿನ ಅಪಾಯ ಒಂದು ಕಡೆಯಾದರೆ, ಆಗ ಗೇರ್‌ಬಾಕ್ಸಿನ ಕೆಳಗಿನ ಶಾಫ್ಟ್ ತಿರುಗದೆ ಮೇಲಿನ ಶಾಫ್ಟಿಗೆ ಎಣ್ಣೆ ಚಿಮ್ಮುವುದಿಲ್ಲ.

ಈಗ ಪ್ರತಿದಿನ ಬೆಳಿಗ್ಗೆ ಒಬ್ಬನೇ ಸಕ್ರೆಬೈಲಿನವರೆಗೆ ಹೋಗಿ ಬರುತ್ತೇನೆ. ನಾಲ್ಕೂ ಗೇರುಗಳಲ್ಲಿ ಏರಿಳಿಸುತ್ತಾ, ಸದ್ದು ಕೇಳುತ್ತಾ ಪಳಗಿಸುತ್ತಿದ್ದೇನೆ. ನಿನ್ನೆಗೆ 310 ಕಿಲೋಮೀಟರ್ ಆಯಿತು. 500 ಆದ ದಿನ ಎಣ್ಣೆ ಇಳಿಸಲು ಅದೇ ಬಿಳಿ ತಟ್ಟೆಯನ್ನು ತೊಳೆದಿಟ್ಟಿದ್ದೇನೆ.