ಕಡಲ ಫೋಟೊಗೆ ಮೈಸೂರಿನ ಬಾಡಿಗೆ ಸಾಮಾನು: ಫಿಲ್ಟರ್, ಫ್ಲಾಶ್ ಸೂಪರ್, ಟ್ರೈಪಾಡ್ ಬೇಡ

ಸರಸ್ವತಿಪುರಂ ಕಡೆ ಕ್ಯಾಮೆರಾ ಸಾಮಾನು ಬಾಡಿಗೆಗೆ ಕೊಡುವ ಒಂದು ಚಿಕ್ಕ ಅಂಗಡಿ ಇದೆ. ಉಳ್ಳಾಲದ ಸೋಮೇಶ್ವರ ಬೀಚಿಗೆ ಹೋಗುವಾಗ ಅಲ್ಲಿಂದ 10 ಸ್ಟಾಪ್ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕಿ ಬೆಳಕು ಇಳಿಸುವ ಕಪ್ಪು ಗಾಜು, ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ ಆಗುತ್ತದೆ), 3 ಸ್ಟಾಪ್‌ನದು ಇನ್ನೊಂದು, ಒಂದು ಸ್ಪೀಡ್‌ಲೈಟ್ (ಬಿಡಿ ಫ್ಲಾಶ್), ಟ್ರೈಪಾಡ್ ತಗೊಂಡು ಹೋಗಿದ್ದೆ. ಒಂದು ಪ್ರವಾಸಕ್ಕೋಸ್ಕರ ಇಷ್ಟೆಲ್ಲಾ ಸುಮ್ನೆ ದುಡ್ಡು ಕೊಟ್ಟು ಕೊಳ್ಳೋ ಬದಲು ಬಾಡಿಗೆಯೇ ವಾಸಿ, ಅಲ್ವಾ?

ಅಂಗಡಿಯವರಿಗೆ ಕೆಲಸ ಚೆನ್ನಾಗಿ ಗೊತ್ತು, ಅದೇ ನನಗೆ ಜಾಸ್ತಿ ಹಿಡಿಸಿದ್ದು. ಸಮುದ್ರದ ಲಾಂಗ್ ಎಕ್ಸ್‌ಪೋಶರ್‌ನಲ್ಲಿ (ಶಟರ್ ತುಂಬ ಹೊತ್ತು ತೆರೆದಿಟ್ಟು ತೆಗೆಯುವ ಫೋಟೊ) ಮುಂದಿನ ಬಂಡೆಗೆ ಫ್ಲಾಶ್ ಹಾಕಬೇಕು ಅಂದ ತಕ್ಷಣ, "ಸರ್, ಫ್ಲಾಶ್ ಹೊಡಿಯೋವಾಗ ಈ 10 ಸ್ಟಾಪ್ ತೆಗೆದಿಟ್ಟುಬಿಡಿ, ಏನೂ ಬರಲ್ಲ" ಅಂದರು. ನಿಜವೇ. 10 ಸ್ಟಾಪ್ ಫಿಲ್ಟರ್ ಬೆಳಕನ್ನು ಸುಮಾರು ಸಾವಿರ ಪಟ್ಟು ಇಳಿಸುತ್ತದೆ. 1/30 ಸೆಕೆಂಡ್ ಸಾಕಾಗುವ ಕಡೆ ಸುಮಾರು 30 ಸೆಕೆಂಡ್ ತೆರೆದಿಡಬಹುದು. ಆಕಾಶದ ಬೆಳಕು ಅಷ್ಟೂ ಹೊತ್ತು ಬರುತ್ತಲೇ ಇರುತ್ತದೆ, ಹಾಗಾಗಿ ಸರಿಹೋಗುತ್ತದೆ. ಫ್ಲಾಶ್ ಮಾತ್ರ ಸೆಕೆಂಡಿನ ಒಂದು ಚೂರಿನಲ್ಲಿ ಹೊತ್ತಿ ಆರಿಹೋಗುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದರ ಬೆಳಕು ಹೆಚ್ಚಾಗಲ್ಲ, ಆ ಕಪ್ಪು ಗಾಜು ದಾಟಿ ಬರೋದಂತೂ ಇಲ್ಲ ಅನ್ನುವಷ್ಟು ಕಡಿಮೆ.

ಅದಕ್ಕೆ ಬಿಸಿಲಿದ್ದಾಗ 10 ಸ್ಟಾಪ್, ಹೊತ್ತು ಇಳಿದಾಗ 3 ಸ್ಟಾಪ್, ಸೂರ್ಯ ಮುಳುಗಿದ ಮೇಲೆ ಫಿಲ್ಟರೇ ಬೇಡ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಕಿರಿದಾಗಿ ಎಫ್/11 ಇಟ್ಟರೆ ಆ ಮಬ್ಬು ಬೆಳಕಿನಲ್ಲಿ ತಾನಾಗೇ ಕೆಲವು ಸೆಕೆಂಡ್ ಸಿಗುತ್ತದೆ, ಅಲೆಗಳೆಲ್ಲಾ ಮಂಜಿನ ಹಾಗೆ ಹರಡಿಕೊಳ್ಳುತ್ತವೆ. ಫ್ಲಾಶನ್ನು ಕ್ಯಾಮೆರಾ ಮೇಲೆ ಕೂರಿಸಬೇಡಿ. ಹಾರುವ ನೀರಿನ ಹನಿಗಳಿಗೆ ನೇರ ಬೆಳಕು ಬಿದ್ದು ಫೋಟೊ ತುಂಬ ಬಿಳಿ ಚುಕ್ಕೆಗಳಾಗುತ್ತವೆ. ಶಟರ್ ತೆರೆದಿರುವಾಗಲೇ ಫ್ಲಾಶನ್ನು ಕೈಯಲ್ಲಿ ಹಿಡಿದು, ಬಂಡೆಯ ಪಕ್ಕಕ್ಕೆ ಹೋಗಿ, ಟೆಸ್ಟ್ ಬಟನ್ ಒತ್ತಿದರೆ ಆಯ್ತು, ದೂರದಿಂದ ಫ್ಲಾಶ್ ಹೊತ್ತಿಸುವ ಟ್ರಿಗರ್ ಕೂಡ ಬೇಡ. ಪಕ್ಕದಿಂದ ಬಿದ್ದ ಬೆಳಕಿಗೆ ಬಂಡೆಗೆ ಅಂಟಿದ ಚಿಪ್ಪುಗಳು, ಬಿರುಕಿನಲ್ಲಿದ್ದ ಹಸಿರು ಪಾಚಿ ಎಲ್ಲಾ ಒಂದೊಂದಾಗಿ ಎದ್ದು ಕಂಡವು. ಫ್ಲಾಶ್ ಜೊತೆ ಅವರು ಕೊಟ್ಟ ಕಿತ್ತಳೆ ಬಣ್ಣದ ಜೆಲ್ (ಫ್ಲಾಶ್ ಮುಂದೆ ಹಾಕುವ ಪಾರದರ್ಶಕ ಹಾಳೆ) ಹಾಕಿ. ಇಲ್ಲದಿದ್ದರೆ ಸಂಜೆಯ ಆಕಾಶದ ಮುಂದೆ ಬಂಡೆ ಮಾತ್ರ ಬೆಳ್ಳಗೆ ಬೇರೆಯಾಗಿ ಕಾಣುತ್ತದೆ.

ಇವರ 10 ಸ್ಟಾಪ್‌ನಲ್ಲಿ ಸ್ವಲ್ಪ ನೀಲಿ ಛಾಯೆ ಬರುತ್ತದೆ. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಆದರೆ ಸರಿಮಾಡಬಹುದು, ತೊಂದರೆ ಇಲ್ಲ. ಫೋಕಸ್ ಮಾತ್ರ ಫಿಲ್ಟರನ್ನು ಲೆನ್ಸ್‌ಗೆ ತಿರುಗಿಸಿ ಹಾಕುವ ಮೊದಲೇ ಮಾಡಿಟ್ಟುಕೊಳ್ಳಿ.

ಬೇಜಾರಾಗಿದ್ದು ಟ್ರೈಪಾಡ್. ಕಾಲಿನ ಲಾಕ್‌ಗಳಲ್ಲಿ ಯಾರದೋ ಹಳೇ ಮರಳು ಹಾಗೇ ಇತ್ತು, ತಿರುಗಿಸಿದರೆ ಕರಕರ ಸದ್ದು. ಮೇಲಾಗಿ ಹಗುರ. ಅಲೆ ಬಂದು ಕಾಲಡಿಯ ಮರಳು ಜಾರಿದಾಗ ಕದಲಿ ಒಳ್ಳೇ ಫ್ರೇಮೇ ಹಾಳಾಯ್ತು. ವಾಪಸ್ ಕೊಡುವಾಗ ಹೇಳಿದೆ, "ಸಿಹಿನೀರಲ್ಲಿ ತೊಳೆದಿಡ್ತೀವಿ ಸರ್" ಅಂದರು. ಉಪ್ಪುನೀರು ಕುಡಿದ ಟ್ರೈಪಾಡನ್ನು ಅದೇ ದಿನ ತೊಳೀಬೇಕು, ಇದು ಬಾಡಿಗೆ ತಗೊಳ್ಳುವ ನಮಗೂ ಸೇರಿದ ಮಾತು.

ಫಿಲ್ಟರ್, ಫ್ಲಾಶ್ ಎರಡಕ್ಕೂ ಧೈರ್ಯವಾಗಿ ಹೋಗಿ, ಟ್ರೈಪಾಡ್ ನಿಮ್ಮದೇ ಒಯ್ಯಿರಿ. ಕಡಲಿಗೆ ಹೊರಡೋ ಮುಂಚೆ ಒಂದು ಸಂಜೆ ಬಲಮುರಿಯಲ್ಲಿ ಕಟ್ಟೆ ಮೇಲಿಂದ ಇಳಿಯುವ ಕಾವೇರಿ ನೀರಿನ ಮೇಲೆ ಇದನ್ನೆಲ್ಲಾ ಮಾಡಿ ನೋಡಿ, ಕೈ ಕೂರುತ್ತದೆ.